ಹಳೆಯ ಪೋರ್ಷೆ 911: ಎಂಜಿನ್ ಸದ್ದಿನ ಮೂಲ ಪತ್ತೆ ಹೇಗೆ?

ಜರ್ಮನಿಯ ಪೋರ್ಷೆ ಸಂಸ್ಥೆಯ 911 ಸ್ಪೋರ್ಟ್ಸ್ ಕಾರು ಮೊದಲು ಪ್ರದರ್ಶನಗೊಂಡಿದ್ದು 1963ರ ಫ್ರಾಂಕ್‌ಫರ್ಟ್ ಮೋಟಾರು ಮೇಳದಲ್ಲಿ. 1998ರವರೆಗೆ ತಯಾರಾದ ಗಾಳಿಯಿಂದ ತಂಪಾಗುವ ಆರು ಸಿಲಿಂಡರ್ ಎಂಜಿನ್ ಸಹಜವಾಗಿಯೇ ಸದ್ದು ಮಾಡುವಂಥದ್ದು. ಹೀಗಾಗಿ ದೋಷದ ಸದ್ದನ್ನು ಬೇರ್ಪಡಿಸಿ ಗುರುತಿಸುವುದು ಅಗತ್ಯ.

ಲಯಬದ್ಧವಾದ 'ಟಿಕ್ ಟಿಕ್' ಸದ್ದಿಗೆ ಸಾಮಾನ್ಯ ಕಾರಣ ವಾಲ್ವ್ ಅಂತರ. ಎಂಜಿನ್ ತಣ್ಣಗಿರುವಾಗ ಇದು 0.1 ಮಿ.ಮೀ. ಇರಬೇಕು. ಹೆಚ್ಚಿದ್ದರೆ ಫೀಲರ್ ಗೇಜ್ ಬಳಸಿ ಸರಿಪಡಿಸಬಹುದು. ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿದರೂ ಇಂಥದೇ ಸದ್ದು ಬರುತ್ತದೆ. ಜೋಡಣೆಯ ಬಳಿ ಕಾಣುವ ಮಸಿ ಅದರ ಸುಳಿವು.

'ಖಣಖಣ' ಸದ್ದನ್ನು ಮಾತ್ರ ನಿರ್ಲಕ್ಷಿಸುವಂತಿಲ್ಲ. ಎಂಜಿನ್‌ನ ಎರಡೂ ಪಾರ್ಶ್ವಗಳಲ್ಲಿ ಒಂದೊಂದು ಟೈಮಿಂಗ್ ಚೈನ್ ಇದ್ದು, ಟೆನ್ಷನರ್ ಅದನ್ನು ಬಿಗಿಯಾಗಿಡುತ್ತದೆ. ಹಳೆಯ ಮಾದರಿಗಳ ಟೆನ್ಷನರ್‌ನಲ್ಲಿ ತೈಲ ಒಳಗೇ ಮುಚ್ಚಲ್ಪಟ್ಟಿರುತ್ತದೆ. ಅದು ಸೋರಿದರೆ ಚೈನ್ ಸಡಿಲಗೊಳ್ಳುತ್ತದೆ. ಹಲ್ಲು ತಪ್ಪಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹಾಳಾಗಬಹುದು.

ಪತ್ತೆಯ ವಿಧಾನ ಸರಳ. ಮೆಕ್ಯಾನಿಕ್‌ಗಳು ಬಳಸುವ ಸ್ಟೆತಾಸ್ಕೋಪನ್ನು ಅಥವಾ ಉದ್ದನೆಯ ಸ್ಕ್ರೂಡ್ರೈವರನ್ನು ಮೊದಲು ವಾಲ್ವ್ ಕವರ್‌ಗೆ, ನಂತರ ಎರಡೂ ಚೈನ್ ಕವರ್‌ಗಳಿಗೆ ತಾಗಿಸಿ ಆಲಿಸಬೇಕು. ಸದ್ದು ಎಲ್ಲಿ ಜೋರಾಗಿದೆಯೋ ಮೂಲ ಅಲ್ಲಿಯೇ ಇರುವ ಸಾಧ್ಯತೆ ಹೆಚ್ಚು. ತಿರುಗುವ ಫ್ಯಾನ್ ಬೆಲ್ಟ್‌ನಿಂದ ಕೈ, ಬಟ್ಟೆ ದೂರವಿರಲಿ.

1984ರ ಕ್ಯಾರೆರಾ 3.2 ಮಾದರಿಯಿಂದ ಎಂಜಿನ್‌ನ ತೈಲ ಒತ್ತಡದಿಂದಲೇ ಕೆಲಸ ಮಾಡುವ ಟೆನ್ಷನರ್ ಬಂತು. ಇದನ್ನು ಹಿಂದಿನ ಎಂಜಿನ್‌ಗಳಿಗೂ ಅಳವಡಿಸಬಹುದು. ಚೈನ್ ಸದ್ದು ಖಚಿತವಾದರೆ, ದುರಸ್ತಿಯಾಗುವವರೆಗೆ ಕಾರು ಓಡಿಸದಿರುವುದೇ ಕ್ಷೇಮ.