ಸಾವಿನ ಲೆಕ್ಕ, ನೀರಿನ ಲೆಕ್ಕ



ಲಂಡನ್ನಿನ ಕಾಲರಾ ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು 1854ರ ಬ್ರಾಡ್ ಸ್ಟ್ರೀಟ್ ಪಂಪು ಮತ್ತು ಡಾ. ಜಾನ್ ಸ್ನೋ ಅವರ ನಕ್ಷೆ. ಅದೇ ವರ್ಷ ಥೇಮ್ಸ್ ನದಿಯ ದಕ್ಷಿಣದಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ಲೆಕ್ಕಪರಿಶೋಧಕನಾದ ನನಗೆ ಹೆಚ್ಚು ಹತ್ತಿರ. ಸಾವು ಎಲ್ಲಿ ಆಯಿತೆಂದು ನಕ್ಷೆ ಹೇಳುತ್ತದೆ. ಎಷ್ಟು ಮನೆಗಳಿಗೆ ಎಷ್ಟು ಸಾವು ಎಂದು ತಿಳಿಯಲು ಲೆಕ್ಕ ಹಾಕಲೇಬೇಕು.

1848-49ರ ಪಿಡುಗಿನಲ್ಲಿ ಲಂಡನ್ನಿನ 14 ಸಾವಿರಕ್ಕೂ ಹೆಚ್ಚು ಜನ ಸತ್ತರು. ಮರಣ ನೋಂದಣಿಯ ಅಂಕಿ ಅಂಶ ನೋಡಿಕೊಳ್ಳುತ್ತಿದ್ದ ವಿಲಿಯಂ ಫಾರ್, ತಗ್ಗು ಪ್ರದೇಶಗಳಲ್ಲಿ ಸಾವು ಹೆಚ್ಚು, ಎತ್ತರದಲ್ಲಿ ಕಡಿಮೆ ಎಂದು ಗುರುತಿಸಿದರು. ಅಂಕಿ ಸರಿಯಿತ್ತು. ಆದರೆ ತಗ್ಗಿನ ಕೆಟ್ಟ ಗಾಳಿಯೇ ಕಾರಣವೆಂದು ಅವರು ತಿಳಿದರು.

ಆಗ ದಕ್ಷಿಣ ಲಂಡನ್ನಿಗೆ ಮುಖ್ಯವಾಗಿ ಎರಡು ಕಂಪನಿಗಳು ನೀರು ಕೊಡುತ್ತಿದ್ದವು: ಸೌತ್‌ವಾರ್ಕ್ ಅಂಡ್ ವಾಕ್ಸಾಲ್, ಮತ್ತು ಲ್ಯಾಂಬೆತ್. 1849ರಲ್ಲಿ ಎರಡೂ ನಗರದ ಚರಂಡಿ ಬೆರೆತ ಥೇಮ್ಸ್ ನೀರನ್ನೇ ಎತ್ತುತ್ತಿದ್ದವು. 1852ರ ಕಾನೂನು, ನದಿಯ ಮೇಲ್ಭಾಗದಿಂದಲೇ ನೀರೆತ್ತಬೇಕೆಂದು ಹೇಳಿ 1855ರವರೆಗೆ ಗಡುವು ಕೊಟ್ಟಿತು. ಲ್ಯಾಂಬೆತ್ ಕಂಪನಿ 1852ರಲ್ಲೇ ಥೇಮ್ಸ್ ಡಿಟನ್‌ಗೆ ಹೋಯಿತು. ಇನ್ನೊಂದು ಕಂಪನಿ ಬ್ಯಾಟರ್‌ಸೀಯಲ್ಲೇ ಉಳಿಯಿತು. 1854ರಲ್ಲಿ ಕಾಲರಾ ಮರಳಿ ಬಂತು.

ಎಷ್ಟೋ ಬೀದಿಗಳಲ್ಲಿ ಎರಡೂ ಕಂಪನಿಗಳ ಕೊಳವೆಗಳಿದ್ದವು. ಅಕ್ಕಪಕ್ಕದ ಮನೆ, ಒಂದೇ ಗಾಳಿ, ಒಂದೇ ಬಡತನ. ನೀರು ಮಾತ್ರ ಬೇರೆ. ಸ್ನೋ ಸಾವಾದ ಮನೆಗಳ ಬಾಗಿಲಿಗೇ ಹೋದರು. ನೀರಿನ ಹಣ ಮನೆಮಾಲೀಕ ಕಟ್ಟುತ್ತಿದ್ದುದರಿಂದ ಎಷ್ಟೋ ಬಾಡಿಗೆದಾರರಿಗೆ ಕಂಪನಿಯ ಹೆಸರೇ ಗೊತ್ತಿರಲಿಲ್ಲ. ಅದಕ್ಕೂ ಅವರು ದಾರಿ ಕಂಡುಕೊಂಡರು: ಬ್ಯಾಟರ್‌ಸೀ ನೀರಿನಲ್ಲಿ ಉಪ್ಪಿನಂಶ ಸುಮಾರು 40 ಪಟ್ಟು ಹೆಚ್ಚಿತ್ತು, ಒಂದು ಸಣ್ಣ ಪರೀಕ್ಷೆಯಿಂದ ತಿಳಿಯುತ್ತಿತ್ತು.

ಮೊದಲ ಏಳು ವಾರಗಳ ಲೆಕ್ಕ ಹೀಗಿದೆ. ಸೌತ್‌ವಾರ್ಕ್ ಅಂಡ್ ವಾಕ್ಸಾಲ್: 40,046 ಮನೆ, 1,263 ಸಾವು. ಲ್ಯಾಂಬೆತ್: 26,107 ಮನೆ, 98 ಸಾವು. 10 ಸಾವಿರ ಮನೆಗಳಿಗೆ ಒಂದೆಡೆ 315, ಇನ್ನೊಂದೆಡೆ 37. ಕಾನೂನಿನ ಪ್ರಕಾರ ಗಡುವು ಇನ್ನೂ ಮುಗಿದಿರಲಿಲ್ಲ. ಆ ಕಂಪನಿಯ ಮೇಲೆ ಆಕ್ಷೇಪಣೆ ಬರೆಯಲು ಯಾವ ಲೆಕ್ಕಪರಿಶೋಧಕನಿಗೂ ಸಾಧ್ಯವಿರಲಿಲ್ಲ. ಆ ಕಾಯುವಿಕೆಯ ಬೆಲೆ ಯಾವ ಆಯವ್ಯಯದಲ್ಲೂ ಕಾಣಲಿಲ್ಲ, ಮರಣ ನೋಂದಣಿಯಲ್ಲಿ ಕಂಡಿತು.

ಸ್ನೋ 1858ರಲ್ಲಿ ತೀರಿಕೊಂಡರು. 1866ರಲ್ಲಿ ಪೂರ್ವ ಲಂಡನ್ನಿನಲ್ಲಿ 5,500ಕ್ಕೂ ಹೆಚ್ಚು ಜನ ಸತ್ತಾಗ, ಫಾರ್ ಅವರೇ ಸಾವುಗಳನ್ನು ನೀರಿನ ಕಂಪನಿಯ ಪ್ರದೇಶದೊಂದಿಗೆ ತಾಳೆ ಹಾಕಿ ಈಸ್ಟ್ ಲಂಡನ್ ಕಂಪನಿಯತ್ತ ಬೊಟ್ಟು ಮಾಡಿದರು. ಶೋಧಿಸಿದ ನೀರನ್ನೇ ಕೊಟ್ಟೆವೆಂದು ಕಂಪನಿ ವಾದಿಸಿತು. ಗ್ರಾಹಕರ ಕೊಳವೆಗಳಲ್ಲಿ ಹಾವುಮೀನು ಸಿಕ್ಕವು! ರಾಬರ್ಟ್ ಕಾಕ್ ಕೋಲ್ಕತ್ತಾದಲ್ಲಿ ರೋಗಾಣುವನ್ನು ಖಚಿತಪಡಿಸಿದ್ದು 1884ರಲ್ಲಿ. ಅಷ್ಟರವರೆಗೆ ಕಾಯಬೇಕಾದ ಅಗತ್ಯವೇ ಇರಲಿಲ್ಲ.

ನಮ್ಮಲ್ಲೂ ಅನೇಕರು ಪರಊರಿನ ಬಾಡಿಗೆ ಮನೆಗಳಲ್ಲಿ, ಕಂಪನಿ ಕೊಟ್ಟ ವಸತಿಗಳಲ್ಲಿ ಇರುವವರು. ಅಲ್ಲಿ ಕಾಯಿಲೆ ಹರಡಿದರೆ 'ಆ ಜನರ ಅಭ್ಯಾಸವೇ ಹಾಗೆ' ಎನ್ನುವ ಮಾತು ಬೇಗ ಬರುತ್ತದೆ. ಆ ಮಾತಿಗೆ ಒಪ್ಪುವ ಮುನ್ನ, ಆ ಮನೆಗಳಿಗೆ ನೀರು ಯಾರು ಕೊಡುತ್ತಾರೆಂದು ಕೇಳೋಣ.