ಐದನೆಯ ಅಕ್ಷರ

ಪ್ರತಿ ಆಗಸ್ಟ್‌ನಲ್ಲಿ ಒಂದು ಶನಿವಾರ ಡೆಟ್ರಾಯಿಟ್‌ನ ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳ ತೇರು ಹೊರಡುತ್ತದೆ. 1995ರಿಂದ ನಡೆದುಬಂದಿರುವ ಈ ಜಾತ್ರೆಗೆ ನಾನು ಮೊದಲ ಸಲ ಹೋದದ್ದು ಗೆಳೆಯನ ಒತ್ತಾಯಕ್ಕೆ. ನನಗೆ ಆಗ ಎಲ್ಲ ಕಾರೂ ಒಂದೇ. ರಸ್ತೆಯಂಚಿನ ಹುಲ್ಲಿನ ಮೇಲೆ ಒಬ್ಬ ಮುದುಕರು ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ 1970ರ ಪ್ಲಿಮತ್ 'ಕುಡಾ. ಚೆನ್ನಾಗಿದೆ ಅಂದೆ. ಅವರು ಮುಂದಿನ ಗಾಜಿನ ಒಳಗೆ ಕಾಣುತ್ತಿದ್ದ ಪುಟ್ಟ ತಗಡನ್ನು ತೋರಿಸಿ, "ಐದನೆಯ ಅಕ್ಷರ ಓದು" ಅಂದರು.

ಓದಿದೆ. 'ಆರ್' ಅಂತಿತ್ತು.

ಆ ಒಂದು ಅಕ್ಷರದ ಅರ್ಥ ತಿಳಿಯಲು ನನಗೆ ಒಂದು ಚಳಿಗಾಲ ಪೂರ್ತಿ ಬೇಕಾಯಿತು. ಆ ಕಾಲದ ಕ್ರೈಸ್ಲರ್ ಕಾರುಗಳ ನಂಬರಿನಲ್ಲಿ ಐದನೆಯ ಸ್ಥಾನ ಎಂಜಿನ್‌ನದು. 'ಎಚ್' ಇದ್ದರೆ 340, 'ಎನ್' ಇದ್ದರೆ 383. 'ಆರ್' ಎಂದರೆ 426 ಹೆಮಿ. 426 ಕ್ಯೂಬಿಕ್ ಇಂಚು, ಅಂದರೆ ಸುಮಾರು ಏಳು ಲೀಟರ್. ನಮ್ಮ ಮಾರುತಿ 800ರ ಹೆಚ್ಚುಕಡಿಮೆ ಒಂಬತ್ತು ಎಂಜಿನ್‌ಗಳನ್ನು ಒಂದೇ ಬಾನೆಟ್ಟಿನಡಿ ತುರುಕಿದ ಹಾಗೆ. ಇಂಧನ ಉರಿಯುವ ಕೋಣೆಯ ಮೇಲ್ಭಾಗ ಬೋರಲು ಹಾಕಿದ ಬಟ್ಟಲಿನಂತೆ ಅರ್ಧಗೋಳಾಕಾರ. ಹೆಮಿ ಎಂಬ ಹೆಸರು ಅದರಿಂದಲೇ. ಆ ಆಕಾರದಿಂದಾಗಿ ದೊಡ್ಡ ವಾಲ್ವುಗಳನ್ನು ಎದುರುಬದುರಾಗಿ ಕೂಡಿಸಬಹುದು, ಎಂಜಿನ್ ಧಾರಾಳವಾಗಿ ಉಸಿರಾಡುತ್ತದೆ.

ಇದು ಹುಟ್ಟಿದ್ದು ಪಂದ್ಯಕ್ಕೆ. 1964ರ ಡೇಟೋನಾ 500ರಲ್ಲಿ ರಿಚರ್ಡ್ ಪೆಟ್ಟಿ ಗೆದ್ದಾಗ ಮೊದಲ ಮೂರೂ ಸ್ಥಾನ ಹೆಮಿ ಕಾರುಗಳದ್ದೇ. ಅಂಗಡಿಯಲ್ಲಿ ಸಿಗದ ಎಂಜಿನ್ ನಮ್ಮಲ್ಲಿ ಬೇಡ ಎಂದು ನಾಸ್ಕಾರ್‌ನವರು ಮರುವರ್ಷ ಬಾಗಿಲು ಹಾಕಿದರು. ಹಾಗಾದರೆ ಅಂಗಡಿಗೇ ತರುತ್ತೇವೆ ಎಂದು ಕ್ರೈಸ್ಲರ್ 1966ರಲ್ಲಿ ಅದನ್ನು ಬೀದಿಗೆ ಇಳಿಸಿತು. ಅಂದರೆ ಸಾಮಾನ್ಯ ಗಿರಾಕಿ ಕೇಳಿ ಪಡೆದ ವಸ್ತುವಲ್ಲ ಇದು.

ಗಿರಾಕಿ ಅದನ್ನು ಹೆಚ್ಚಾಗಿ ಕೊಳ್ಳಲೂ ಇಲ್ಲ. 1970ರಲ್ಲಿ ಸುಮಾರು 3,200 ಡಾಲರಿನ 'ಕುಡಾಗೆ ಹೆಮಿ ಹಾಕಿಸಲು ಇನ್ನೂ 870 ಡಾಲರ್ ತೆರಬೇಕಿತ್ತು. ಎರಡು ಕಾರ್ಬ್ಯುರೇಟರ್, ಕುಡಿದಷ್ಟೂ ಸಾಲದ ಪೆಟ್ರೋಲ್. ಹೆಮಿ ಬೇಕೆಂದರೆ ಏಸಿ ಇಲ್ಲ. ವಿಮೆಯವರು ಹುಡುಗರ ಕೈಗೆ ಇಂಥ ಕಾರು ಹೋಯಿತೆಂದರೆ ಸಾಕು, ಕಂತು ಏರಿಸುತ್ತಿದ್ದರು. ಇದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ ದುಡ್ಡಿಗೆ ಮೂರು ಕಾರ್ಬ್ಯುರೇಟರಿನ 440 ಎಂಜಿನ್ ಸಿಗುತ್ತಿತ್ತು. ಬೀದಿಯ ಓಟದಲ್ಲಿ ಅದೇನೂ ಹಿಂದೆ ಬೀಳುತ್ತಿರಲಿಲ್ಲ. ಬುದ್ಧಿವಂತರು ಅದನ್ನೇ ಕೊಂಡರು. 1970ರಲ್ಲಿ ಹೆಮಿ ಹಾಕಿಸಿಕೊಂಡ ಗಟ್ಟಿ ಛಾವಣಿಯ 'ಕುಡಾಗಳು 652, ಛಾವಣಿ ಮಡಚುವಂಥವು 14. ಮರುವರ್ಷ ಮಡಚುವ ಛಾವಣಿಯ 'ಕುಡಾಗಳೇ ಒಟ್ಟು 374. ಅದರಲ್ಲಿ ಹೆಮಿ ಇದ್ದವು 11. ಹೊಗೆಯ ಕಾನೂನು ಬಿಗಿಯಾಗುತ್ತಿತ್ತು. 1971ಕ್ಕೆ ಹೆಮಿ ಮುಗಿಯಿತು.

ಆ ಹನ್ನೊಂದರಲ್ಲಿ ಒಂದು, ನಾಲ್ಕು ಗೇರಿನ ಕಾರು, 2014ರಲ್ಲಿ ಸಿಯಾಟಲ್‌ನ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. 2021ರಲ್ಲಿ ಅಂಥದ್ದೇ ಇನ್ನೊಂದಕ್ಕೆ 48 ಲಕ್ಷದವರೆಗೂ ಕೂಗಿದರು, ಮಾಲೀಕ ಕೊಡಲಿಲ್ಲ.

ವಿರಳವಾದದ್ದಕ್ಕೆಲ್ಲ ಬೆಲೆ ಬರುತ್ತದೆಂದು ತಿಳಿಯಬೇಡಿ. ಅದೇ ವರ್ಷ ಆರು ಸಿಲಿಂಡರಿನ ಸಾಧು ಎಂಜಿನ್ ಹಾಕಿದ, ಛಾವಣಿ ಮಡಚುವ ಬ್ಯಾರಕುಡಾಗಳೂ ತಯಾರಾದವು. ಅವೂ ಅಪರೂಪವೇ. ಆದರೆ ಹದಿನೆಂಟರ ಹುಡುಗ ಗೋಡೆಗೆ ಅಂಟಿಸಿಕೊಂಡದ್ದು ಅವುಗಳ ಚಿತ್ರವನ್ನಲ್ಲ. ಆಗ ಎಲ್ಲರೂ ಬಯಸಿ ಯಾರಿಗೂ ಎಟುಕದ್ದು, ಎಟುಕಿದವರೂ ಲೆಕ್ಕ ಹಾಕಿ ಬಿಟ್ಟದ್ದು: ಬೆಲೆ ಇರುವುದು ಆ ಬಗೆಯ ವಿರಳತೆಗೆ. ಷೆವರ್ಲೆಯ 1969ರ ಝಡ್‌ಎಲ್1 ಕಮಾರೋ ಇನ್ನೂ ವಿಚಿತ್ರ. ಅಲ್ಯುಮಿನಿಯಂ ಎಂಜಿನ್ನಿನ ಬೆಲೆಯೇ 4,160 ಡಾಲರ್, ಕಾರಿಗಿಂತ ಹೆಚ್ಚು! ತಯಾರಾದದ್ದು 69. ಇಲಿನಾಯ್‌ನ ಫ್ರೆಡ್ ಗಿಬ್ ಎಂಬ ಡೀಲರ್ ಐವತ್ತು ತರಿಸಿ, ಮಾರಲಾಗದೆ ಹೆಚ್ಚಿನವನ್ನು ಕಂಪನಿಗೇ ಹಿಂದಿರುಗಿಸಿದರು. ಈಗ ಅವೇ ಕಾರುಗಳಿಗೆ ಜನ ಮುಗಿಬೀಳುತ್ತಾರೆ.

ಬೆಲೆಯೆಲ್ಲ ಎಂಜಿನ್ನಿನ ಮೇಲೆ ನಿಂತಮೇಲೆ ಮೋಸವೂ ಅಲ್ಲಿಗೇ ಬರಬೇಕಲ್ಲ. ಆ ಕಮಾರೋಗಳ ನಂಬರು ಎಂಜಿನ್ ಆರು ಸಿಲಿಂಡರೋ ಎಂಟೋ ಎಂದಷ್ಟೇ ಹೇಳುತ್ತದೆ. ಉಳಿದದ್ದಕ್ಕೆ ಕಾಗದಪತ್ರ ಬೇಕು. ಹಳೆಯ ಕಾರು ಸಿಕ್ಕಿದವರು ಮೊದಲು ಸೀಟು ಬಿಚ್ಚಿ ಸ್ಪ್ರಿಂಗುಗಳ ನಡುವೆ ಕೈಯಾಡಿಸುತ್ತಾರೆ. ಕಾರ್ಖಾನೆಯವರು ಕೆಲಸ ಮುಗಿದ ಮೇಲೆ ಅಲ್ಲಿ ತುರುಕಿ ಮರೆತ ತಯಾರಿಕೆಯ ಹಾಳೆ, ಅರ್ಧ ಇಲಿ ತಿಂದದ್ದಾದರೂ ಸರಿ, ಆಸ್ತಿಪತ್ರದಷ್ಟು ಮುಖ್ಯ. ಇನ್ನು 1968ರಿಂದ ಎಂಜಿನ್ ಬ್ಲಾಕಿನ ಮೇಲೂ ಕಾರಿನ ನಂಬರಿನ ಒಂದು ಭಾಗ ಒತ್ತಿರುತ್ತದೆ. ಎರಡೂ ತಾಳೆಯಾದರೆ ಒಂದು ಬೆಲೆ, ಆಗದಿದ್ದರೆ ಇನ್ನೊಂದು.

ಮರುವರ್ಷ ಆಗಸ್ಟ್‌ನಲ್ಲಿ ಇಷ್ಟೆಲ್ಲ ಓದಿಕೊಂಡು ಮುದುಕರನ್ನು ಹುಡುಕಿ ಹೋದೆ. ಅದೇ ಕುರ್ಚಿ, ಅದೇ ಜಾಗ. ಬಾನೆಟ್ ತೆಗೆಯುತ್ತೀರಾ ಅಂತ ಕೇಳಿದೆ. ತೆಗೆದರು. ಒಳಗಿದ್ದದ್ದು 440.

"ಹೆಮಿ ಎಲ್ಲಿ?"

"1973ರಲ್ಲಿ ಇದೇ ರಸ್ತೆಯಲ್ಲಿ ಒಡೆಯಿತು. ಮೂರನೇ ಗೇರಿನಲ್ಲಿ."

"ಬ್ಲಾಕು?"

"ಗುಜರಿಗೆ ಹಾಕಿದೆ. ತೂಕಕ್ಕೆ."

ಹೊಟ್ಟೆಯಲ್ಲಿ ಸಂಕಟವಾದದ್ದು ನನಗೆ. ನಂಬರು ತಾಳೆಯಾಗುವ ಕಾರುಗಳಲ್ಲಿ ಎಷ್ಟೋ ಓಡದೆ ನಿಂತವು, ಇಲ್ಲವೇ ಅಂಜಿ ಅಂಜಿ ಓಡಿಸಿದವು. ಈ ಮನುಷ್ಯ ಎಂಜಿನ್ನನ್ನು ಅದು ಯಾತಕ್ಕೆ ಹುಟ್ಟಿತೋ ಅದಕ್ಕೇ ಬಳಸಿದ್ದರು. ಮಾರುಕಟ್ಟೆಯ ಲೆಕ್ಕದಲ್ಲಿ ಅವರು ತಪ್ಪು ಮಾಡಿದವರು. ಇದನ್ನು ಅವರಿಗೆ ಹೇಗೆ ಹೇಳುವುದೆಂದು ತಡವರಿಸುತ್ತಿದ್ದೆ. ಬೆಲೆಯ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಮೂರನೇ ಗೇರಿನಲ್ಲಿ," ಅಂತ ಮತ್ತೊಮ್ಮೆ ಹೇಳಿ ಬಾನೆಟ್ ಮುಚ್ಚಿದರು. ಆಮೇಲೆ ಕುರ್ಚಿ ಮಡಚಿ ಹಿಂದಿನ ಸೀಟಿಗೆ ಹಾಕಿ, "ಹತ್ತು" ಅಂದರು.