ನೆರೆಯುವ ಕೆಲಸ

ಹೊಳೆನರಸೀಪುರದಲ್ಲಿ ನಾನು ಹುಡುಗನಾಗಿದ್ದಾಗ 'ನೆರೆಯವನು' ಎಂಬ ಮಾತು ಕಿವಿಗೆ ಬೀಳುತ್ತಿದ್ದದ್ದು ವಾರಕ್ಕೊಮ್ಮೆ, ಭಾನುವಾರ ಚರ್ಚಿನ ಪ್ರಸಂಗದಲ್ಲಿ ಮಾತ್ರ. ಮಿಕ್ಕ ಆರು ದಿನ ನಮ್ಮ ಬೀದಿಯಲ್ಲಿ ನೆರೆಯವರು ಇರಲಿಲ್ಲ. ಪಕ್ಕದ ಮನೆಯೋರಿದ್ದರು, ಎದುರು ಮನೆ ಅಕ್ಕ ಇದ್ದರು, ಹೊಲಕ್ಕೆ ಹೋದರೆ ಬದುವಿನ ಆಚೆಯೋರಿದ್ದರು. 'ನೆರೆ' ಎಂದು ಅಪ್ಪ ಓದುತ್ತಿದ್ದದ್ದು ಪತ್ರಿಕೆಯಲ್ಲಿ, ಹೊಳೆ ಉಕ್ಕಿದಾಗ: ನೆರೆ ಹಾವಳಿ, ನೆರೆ ಪರಿಹಾರ, ನೆರೆ ಸಂತ್ರಸ್ತರು. ಹಾಗಾಗಿ ನೆರೆಯವನನ್ನು ಪ್ರೀತಿಸಬೇಕು ಎಂದು ಅಯ್ಯನವರು ಹೇಳಿದಾಗಲೆಲ್ಲ ನನ್ನ ಕಣ್ಣಿಗೆ ಬರುತ್ತಿದ್ದವನು ಹೇಮಾವತಿಯ ಕೆಂಪು ನೀರಲ್ಲಿ ತೇಲಿಬಂದು ನಮ್ಮ ದಡ ಹಿಡಿದ ಯಾವನೋ ಒಬ್ಬ ಅಪರಿಚಿತ. ಅವನಿಗೆ ಒಣಬಟ್ಟೆ ಕೊಡಬೇಕು, ಬಿಸಿ ಮುದ್ದೆ ಇಕ್ಕಬೇಕು. ಇಷ್ಟೇ ನಾನು ಅರ್ಥ ಮಾಡಿಕೊಂಡಿದ್ದದ್ದು.

ಪದದ ಮಟ್ಟಿಗೆ ಅದು ತಪ್ಪು. ಹಳಗನ್ನಡದಲ್ಲಿ ಎರಡು ಬಗೆಯ ರ ಇದ್ದವು. ತುಂಬು, ಪೂರ್ತಿಯಾಗು ಎಂಬ 'ನೆಱೆ'ಗೆ ಶಕಟರೇಫ. ಕೂಡು, ಒಟ್ಟಾಗು ಎಂಬ 'ನೆರೆ'ಗೆ ನಾವು ಈಗಲೂ ಬರೆಯುವ ರ. ಹೊಳೆ ತುಂಬಿದರೆ ಮೊದಲನೆಯದು, ಹೆಣ್ಣುಮಗು ಮೈನೆರೆದರೂ ಮೊದಲನೆಯದೇ. ಜನ ಸೇರಿದರೆ ಎರಡನೆಯದು. ಶಕಟರೇಫ ಬಳಕೆಯಿಂದ ಬಿದ್ದುಹೋದ ಮೇಲೆ ಎರಡೂ ಒಂದೇ ವೇಷ ತೊಟ್ಟವು. ಭಾಷೆ ಹೀಗೆ ಅಕಸ್ಮಾತ್ತಾಗಿ ಒಂದೇ ಮನೆಗೆ ತಂದು ಕೂರಿಸಿದ ಮಾತುಗಳನ್ನು ನಾನು ಬೇರ್ಪಡಿಸಲಾರೆ. ಬಾಲ್ಯದ ಆ ತಪ್ಪನ್ನು ಇಂದಿಗೂ ಬಿಟ್ಟಿಲ್ಲ.

ಎರಡನೆಯ ನೆರೆಯ ಬಳಗ ದೊಡ್ಡದು. ನೆರವಿ ಎಂದರೆ ಜನಸಂದಣಿ, ನೆರವು ಎಂದರೆ ಸಹಾಯ. ಬಂದು ಪಕ್ಕದಲ್ಲಿ ನಿಲ್ಲುವುದಕ್ಕೂ ಕೈಜೋಡಿಸುವುದಕ್ಕೂ ಕನ್ನಡ ಹೆಚ್ಚು ದೂರ ಇಟ್ಟಿಲ್ಲ. ಇನ್ನೂ ಮುಖ್ಯವಾದದ್ದು, 'ನೆರೆ' ಕ್ರಿಯಾಪದ. ಸಭೆ ನೆರೆಯುತ್ತದೆ, ಜಾತ್ರೆಗೆ ಊರು ನೆರೆಯುತ್ತದೆ. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಧರ್ಮಶಾಸ್ತ್ರಿಯೊಬ್ಬ ಯೇಸುವನ್ನು ಕೇಳುವುದು ನಾಮಪದದ ಪ್ರಶ್ನೆ, ನನ್ನ ನೆರೆಯವನು ಯಾರು ಎಂದು. ಯಾರನ್ನು ಪಟ್ಟಿಗೆ ಸೇರಿಸಬೇಕು, ಎಲ್ಲಿಗೆ ಗೆರೆ ಎಳೆಯಬೇಕು ಎಂಬುದು ಅವನ ಚಿಂತೆ. ಯೇಸು ಕಥೆ ಹೇಳುತ್ತಾನೆ. ಯೆರಿಕೋ ದಾರಿಯಲ್ಲಿ ಕಳ್ಳರು ಬಡಿದು ಬಿಸಾಡಿದವನ ಹತ್ತಿರಕ್ಕೆ ಯಾಜಕ ಹೋಗಲಿಲ್ಲ, ಲೇವಿಯನೂ ಹೋಗಲಿಲ್ಲ. ಯೆಹೂದ್ಯರಿಗೆ ಆಗದ ಸಮಾರ್ಯದವನು ಹೋದ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದ, ತನ್ನ ಕತ್ತೆಯ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದ, ಎರಡು ದಿನಾರಿ ಕೊಟ್ಟು ಮಿಕ್ಕ ಖರ್ಚಿಗೂ ಹೊಣೆಯಾದ. ಕೊನೆಗೆ ಯೇಸು ಕೇಳುವ ಪ್ರಶ್ನೆ ಬೇರೆಯದೇ: ಬಿದ್ದವನಿಗೆ ನೆರೆಯವನಾದವನು ಯಾರು? ಪಟ್ಟಿ ಹೋಯಿತು, ಕೆಲಸ ಉಳಿಯಿತು. ಇದನ್ನು ಕನ್ನಡದಲ್ಲಿ ಓದುವವರಿಗೆ ಒಂದು ಅನುಕೂಲವಿದೆ ಎಂದೇ ನನ್ನ ನಂಬಿಕೆ. ನಮ್ಮ ಮಾತಿನೊಳಗೇ ಆ ಕ್ರಿಯಾಪದ ಕೂತಿದೆ.

ನಮ್ಮ ಸೀಮೆಯಲ್ಲಿ ನೆರೆಗೆ ಪೈಪೋಟಿ ಕೊಡುವ ಇನ್ನೊಂದು ಪದವೂ ಇದೆ: ಮುಯ್ಯಿ. ಚನ್ನರಾಯಪಟ್ಟಣದ ಕಡೆ ರಾಗಿ ಕುಯ್ಲಿಗೆ ಮುಯ್ಯಾಳು ಕರೆಯುತ್ತಾರೆ. ನಿಮ್ಮ ಹೊಲಕ್ಕೆ ನಾನು ಒಂದು ದಿನ ಬಂದರೆ ನನ್ನ ಹೊಲಕ್ಕೆ ನೀವು ಒಂದು ದಿನ ಬರಬೇಕು. ಮದುವೆಯಲ್ಲಿ ಮುಯ್ಯಿ ಬರೆಸುತ್ತಾರೆ. ಯಾರು ಎಷ್ಟು ಎಂಬುದು ಪುಸ್ತಕದಲ್ಲಿ ಇರುತ್ತದೆ, ಅವರ ಮನೆಯ ಮದುವೆಗೆ ಆ ಪುಸ್ತಕ ತೆಗೆಯುತ್ತಾರೆ. ಕ್ರಿಸ್‌ಮಸ್‌ಗೆ ಕರ್ಜಿಕಾಯಿ ಹೋದ ತಟ್ಟೆ ಸಂಕ್ರಾಂತಿಗೆ ಎಳ್ಳುಬೆಲ್ಲ ಹೊತ್ತು ಬರುತ್ತದೆ, ಖಾಲಿ ಬರುವುದಿಲ್ಲ. ಊರುಗಳು ಬದುಕಿದ್ದೇ ಇದರಿಂದ, ನಾನು ಇದನ್ನು ಹಗುರ ಮಾಡುತ್ತಿಲ್ಲ. ಆದರೆ ಸೇಡಿಗೂ ನಮ್ಮಲ್ಲಿ ಮುಯ್ಯಿ ಎಂದೇ ಹೆಸರು, ಅದನ್ನೂ ತೀರಿಸಲೇಬೇಕು. ಉಡುಗೊರೆಗೂ ಹಗೆಗೂ ಒಂದೇ ಲೆಕ್ಕದ ಪುಸ್ತಕ! ಔತಣಕ್ಕೆ ತಿರುಗಿ ಕರೆಯಲಾರದವರನ್ನು ಕರೆಯಿರಿ ಎಂದು ಅದೇ ಲೂಕನಲ್ಲಿ ನಾಲ್ಕು ಅಧ್ಯಾಯ ಮುಂದೆ ಯೇಸು ಹೇಳಿದ್ದು ಈ ಪುಸ್ತಕವನ್ನು ಮುಚ್ಚಿಸಲಿಕ್ಕೆ. ಕ್ರೈಸ್ತರಾಗಿ ದಿನ ಕಳೆಯುವ ನಮಗೆ ಕಷ್ಟವಾಗುವುದೂ ಇದೇ. ಪ್ರಾರ್ಥನೆ, ಉಪವಾಸ ಹೇಗೋ ಸಾಗುತ್ತವೆ, ಪುಸ್ತಕ ಮುಚ್ಚುವುದಕ್ಕೆ ಕೈ ಬರುವುದಿಲ್ಲ.

ಹಾಗೆ ಮುಚ್ಚಿದವರು ಇಲ್ಲಿ ಓಡಾಡಿದ್ದಾರೆ. 1799ರಲ್ಲಿ ಟಿಪ್ಪು ಸತ್ತ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, ಹಾಸನದ ಹತ್ತಿರ ಅವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದರು. 1803-04ರಲ್ಲಿ ಸಿಡುಬು ತಡೆಯಲು ಲಸಿಕೆ ಹಾಕಿಸುವ ಕೆಲಸಕ್ಕೆ ಇಳಿದರು; ಆಗ ಲಸಿಕೆ ಪಡೆದವರು 25,432 ಮಂದಿ ಎಂಬ ಲೆಕ್ಕ ಉಳಿದಿದೆ. ಹಿಂದೂಗಳ ಆಚಾರ ವ್ಯವಹಾರಗಳ ಬಗ್ಗೆ ಅವರು ಬರೆದ ಪುಸ್ತಕದ ಹಲವು ಮಾತುಗಳು ನನಗೆ ಒಪ್ಪಿಗೆಯಿಲ್ಲ. ಲಸಿಕೆ ಹಾಕಿಸಿದ ಆ ಕೈಯನ್ನು ಮಾತ್ರ ನೆನೆಯುತ್ತೇನೆ.

ಹಾಸನದಿಂದ ಶೆಟ್ಟಿಹಳ್ಳಿಗೆ ಹೋದರೆ ಎರಡು ನೆರೆಗಳೂ ಒಂದೇ ಕಡೆ ಸಿಗುತ್ತವೆ. 1860ರ ಆಸುಪಾಸಿನಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚ್ ಅಲ್ಲಿದೆ. ಗೊರೂರಿನಲ್ಲಿ 1979ರಲ್ಲಿ ಅಣೆಕಟ್ಟು ಮುಗಿದ ಮೇಲೆ ಹೇಮಾವತಿ ಹಿಂದಕ್ಕೆ ಸರಿದು ಬಂದು ಆ ಗುಡಿಯೊಳಗೆ ನಿಂತಳು. ಮಳೆಗಾಲದಲ್ಲಿ ಕಮಾನುಗಳು ಅರ್ಧ ಮುಳುಗುತ್ತವೆ, ನೀರಿಳಿದರೆ ಒಳಗೆ ನಡೆದು ಹೋಗಬಹುದು. ಬಂದವರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ನಾನು ಹೋದಾಗ ಯೋಚಿಸುವುದು ಊರು ಬಿಟ್ಟು ಎದ್ದುಹೋದವರನ್ನು. ಒಂದು ನೆರೆ ಬಂದು ಇನ್ನೊಂದು ನೆರೆಯನ್ನು ಚದುರಿಸಿತು. ಮುಳುಗಡೆಯವರಿಗೆ ಸೈಟು ಕೊಡಬಹುದು, ಪಕ್ಕದ ಮನೆಯನ್ನು ಯಾರೂ ಮಂಜೂರು ಮಾಡಲಾರರು. ಗೊತ್ತಿಲ್ಲದ ಜನರ ನಡುವೆ ಒಲೆ ಹೂಡಿ, ಬೆಂಕಿ ಕೇಳಲು ಯಾರ ಬಾಗಿಲಿಗೆ ಹೋಗಲಿ ಎಂದು ನಿಂತ ಹೆಂಗಸಿಗೆ, ಬನ್ನಿ ಅಂದವರೇ ಅವತ್ತಿನ ಸುವಾರ್ತೆ.

ಅರಕಲಗೂಡು ತಾಲ್ಲೂಕಿನ ನನ್ನ ಸೋದರಮಾವ ಹೊಗೆಸೊಪ್ಪಿನ ಬೇಸಾಯದವರು. ಆ ಕಡೆಯ ಊರುಗಳಲ್ಲಿ ಹೊಲಕ್ಕಿಂತ ಎತ್ತರವಾಗಿ ಕಾಣುವುದು ಸೊಪ್ಪು ಒಣಗಿಸುವ ಬ್ಯಾರನ್ನು. ಸೊಪ್ಪು ಏರಿಸಿ ಬೆಂಕಿ ಹಾಕಿದರೆ ಸುಮಾರು ಒಂದು ವಾರ ಹಗಲೂ ರಾತ್ರಿ ಕಾವಲು. ಮೊದಲು ಸೊಪ್ಪು ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ದಂಟು. ಶಾಖ ಮೆಲ್ಲಮೆಲ್ಲಗೆ ಏರಬೇಕು. ಮಧ್ಯೆ ಬೆಂಕಿ ಕುಗ್ಗಿದರೆ ಬಣ್ಣ ಹೋಗುತ್ತದೆ, ರಾಮನಾಥಪುರದ ಹರಾಜಿನಲ್ಲಿ ರೇಟು ಹೋಗುತ್ತದೆ.

ಬದುವಿನ ಆಚೆಯವರಿಗೂ ಮಾವನಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಬದುವಿನದೇ ತಕರಾರು, ಕೋರ್ಟಿಗೆ ಹೋಗಿತ್ತು. ಆಚೆಯವರ ಬ್ಯಾರನ್ನಿಗೆ ಬೆಂಕಿ ಹಾಕಿದ ಮೂರನೇ ರಾತ್ರಿ ಮೈಸೂರಿನ ಆಸ್ಪತ್ರೆಯಲ್ಲಿ ಅವರ ತಾಯಿ ತೀರಿಹೋದರು. ಮನೆಯವರೆಲ್ಲ ಹೊರಟರು. ಮಾವ ಟಾರ್ಚ್ ತಗೊಂಡು ಬದು ದಾಟಿದರು. ಅತ್ತೆ ಬಾಗಿಲಲ್ಲಿ ನಿಂತು, "ಯಾರೂ ಕರ್ದಿಲ್ವಲ್ರೀ" ಅಂದರಂತೆ. "ಬೆಂಕಿ ಆರೋಯ್ತದೆ ಕಣೇ" ಅಂದರಂತೆ ಮಾವ. ಮೂರು ರಾತ್ರಿ ಸೌದೆ ಒಟ್ಟುತ್ತ, ಥರ್ಮಾಮೀಟರ್ ನೋಡುತ್ತ ಅಲ್ಲೇ ಇದ್ದರು. ನಡುವೆ ಬಂದ ಭಾನುವಾರದ ಆರಾಧನೆಗೂ ಹೋಗಲಿಲ್ಲ.

ಕೇಸು ಅದಾದ ಮೇಲೂ ನಡೆಯಿತು, ಇಬ್ಬರೂ ಬದು ಬಿಟ್ಟುಕೊಡಲಿಲ್ಲ. ವಾಯಿದೆ ದಿನ ಅರಕಲಗೂಡಿಗೆ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತು ಹೋಗುತ್ತಿದ್ದರು. ಹೋಗುವಾಗ ಒಬ್ಬರು ಟಿಕೆಟ್ ತೆಗೆದರೆ ಬರುವಾಗ ಇನ್ನೊಬ್ಬರು ತೆಗೆಯುತ್ತಿದ್ದರು.